ಹಾಜರಿ ಪುಸ್ತಕದ ಜೊತೆ ಅರ್ಧ ಗಂಟೆ

ಕಾಲೇಜಿನ ಹೆಸರು ಬೇಡ. ಅಲ್ಲಿ ಎನ್ನೆಸ್ಸೆಸ್ ಕೊಠಡಿ ಎಂದರೆ ಮಹಡಿ ಮೆಟ್ಟಿಲ ಕೆಳಗಿನ ಸಂದಿ. ಸಲಿಕೆ, ಮಂಕರಿ, ಹೋದ ವರ್ಷದ ಬ್ಯಾನರು, ಒಂದು ಬೀರು. ಬೀರುವಿನಿಂದ ಕೆಂಪು ರಟ್ಟಿನ ಹಾಜರಿ ಪುಸ್ತಕ ಇಳಿದು ಬಂತು. ರಟ್ಟಿನ ಮೇಲೆ ಟೀ ಲೋಟದ ಉಂಗುರ.

ಆರೋಗ್ಯವೇ?

ತುಂಬಿದ್ದೇನೆ. ಘಟಕಕ್ಕೆ 100 ಹೆಸರು ಬೇಕು, 100 ಇದೆ. ಆಗಸ್ಟ್ ತನಕ ಅರವತ್ತು ದಾಟಿರಲಿಲ್ಲ. ಆಮೇಲೆ ಯಾರೋ ಕ್ಲಾಸಿನಲ್ಲಿ ‘ಸರ್ಟಿಫಿಕೇಟು’ ಅಂದರು ನೋಡಿ.

ನಿಮ್ಮದು ದೊಡ್ಡ ಮನೆತನವಂತೆ.

ಮತ್ತೆ! ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಹುಟ್ಟಿದ್ದು 1969ರ ಸೆಪ್ಟೆಂಬರ್ 24, ಗಾಂಧಿ ಶತಮಾನೋತ್ಸವದ ವರ್ಷ. 37 ವಿಶ್ವವಿದ್ಯಾಲಯ, 40,000 ವಿದ್ಯಾರ್ಥಿಗಳು. ಶುರು ಮಾಡಿದವರು ಶಿಕ್ಷಣ ಮಂತ್ರಿ ವಿ.ಕೆ.ಆರ್.ವಿ. ರಾವ್, ನಮ್ಮ ಬಳ್ಳಾರಿಯಿಂದ ಗೆದ್ದವರು. ದೇಶದ ವರಮಾನವನ್ನೇ ಲೆಕ್ಕ ಹಾಕಿದ್ದ ಅರ್ಥಶಾಸ್ತ್ರಜ್ಞ. ನನ್ನ ಕೂಡಿಕೆ ಕಂಡಿದ್ದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಕೂಡಿಕೆಗೆ ಏನಾಗಿದೆ?

ಏನೂ ಆಗಿಲ್ಲ, ಅದೇ ತೊಂದರೆ. ವರ್ಷಕ್ಕೆ ಒಬ್ಬರಿಗೆ 120 ಗಂಟೆ ಸೇವೆ, ಎರಡು ವರ್ಷಕ್ಕೆ 240. ಈ ಪುಟ ನೋಡಿ. ನೂರು ಜನಕ್ಕೂ 120. ಒಬ್ಬನಿಗೂ 119 ಇಲ್ಲ, ಒಬ್ಬಳಿಗೂ 121 ಇಲ್ಲ. ಶರಣರ ಕಲ್ಯಾಣದಲ್ಲೂ ಇಷ್ಟು ಸಮಾನತೆ ಇತ್ತೋ ಇಲ್ಲವೋ. ಎಲ್ಲ ಸಹಿಗಳೂ ಒಂದೇ ಕಡೆ ವಾಲಿವೆ, ಗಾಳಿಗೆ ಬಾಗಿದ ಭತ್ತದ ಪೈರಿನ ಹಾಗೆ. ಒಂದೇ ಪೆನ್ನು, ಒಂದೇ ಕೈ.

ಜಾತಿವಾರು ಅಂಕಿ?

ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಎಲ್ಲ ಪಕ್ಕಾ. ಅಡ್ಮಿಷನ್ ರಿಜಿಸ್ಟರಿನಿಂದ ಇಳಿಸಿದ್ದು. ಚರಂಡಿ ತೆಗೆಯುವಾಗ ಯಾರೂ ಯಾರನ್ನೂ ಪ್ರವರ್ಗ ಕೇಳಲಿಲ್ಲ. ದತ್ತು ಗ್ರಾಮದಲ್ಲಿ ಒಬ್ಬ ಹುಡುಗ ಜಗಲಿ ಹತ್ತಿ ನೀರು ಕೇಳಿದಾಗ ಮಾತ್ರ ಯಜಮಾನರು, ‘ನಿಮ್ದು ಯಾವ ಜನ?’ ಅಂದರು. ಅವನು ಬೋರ್‌ವೆಲ್ಲಿಗೆ ಹೋಗಿ ಕುಡಿದ. ಅದಕ್ಕೆ ನನ್ನಲ್ಲಿ ಕಾಲಂ ಇಲ್ಲ.

ಹುಡುಗಿಯರು?

ಹೆಸರಲ್ಲಿ ಅವರೇ ಮುಂದು. ನೂರಕ್ಕೆ 58. ವರದಿಯಲ್ಲಿ ‘ಮಹಿಳಾ ಸಬಲೀಕರಣ’ ಅಂತ ದಪ್ಪಕ್ಷರದಲ್ಲಿ ಹೋಯಿತು. ಆಮೇಲೆ ಏಳು ದಿನದ ವಾರ್ಷಿಕ ವಿಶೇಷ ಶಿಬಿರ ಬಂತು. ಐವತ್ತು ಜನ ಹೋಗಬೇಕು, ಊರ ಶಾಲೆಯಲ್ಲಿ ವಾಸ್ತವ್ಯ. ಹುಡುಗಿಯರಲ್ಲಿ ಒಂಬತ್ತು ಜನಕ್ಕೆ ಮನೆಯಲ್ಲಿ ಒಪ್ಪಿದರು. ಮಿಕ್ಕವರ ಕಡೆಯಿಂದ ಚೀಟಿಗಳು ಬಂದವು, ನನ್ನ ಹೊಟ್ಟೆಯಲ್ಲೇ ಇವೆ. ‘ಅಜ್ಜಿಗೆ ಹುಷಾರಿಲ್ಲ.’ ಒಂದೇ ವಾರದಲ್ಲಿ ತಾಲ್ಲೂಕಿನ ಇಷ್ಟು ಅಜ್ಜಿಯರು ಮಲಗಿದರೆ ಆರೋಗ್ಯ ಇಲಾಖೆ ಎದ್ದು ಕೂರಬೇಕಿತ್ತು.

ಪುಟ ಹದಿನಾಲ್ಕು ತೆಗೆಯಿರಿ, ಮೇಲಿಂದ ಮೂರನೆಯವಳು. ಏಳೂ ದಿನ ಬೆಳಗಿನ ಮೊದಲ ಬಸ್ಸಿಗೆ ಬಂದಳು. ಇಂಗುಗುಂಡಿ ತೋಡಿದಳು, ಅಂಗೈ ಬೊಬ್ಬೆ ಎದ್ದಿತ್ತು, ರಟ್ಟು ಹಿಡಿದಾಗ ನನಗೇ ಗೊತ್ತಾಯಿತು. ಐದು ಗಂಟೆಯ ಕೊನೆ ಬಸ್ಸಿಗೆ ಓಡುತ್ತಿದ್ದಳು. ರಾತ್ರಿ ತಂಗದವರಿಗೆ ಶಿಬಿರದ ಹಾಜರಿ ಇಲ್ಲವಲ್ಲ, ಏಳು ‘ಗೈ’. ಅವಳ ಕೆಳಗಿನವನು ಸಾಂಸ್ಕೃತಿಕ ಕಾರ್ಯಕ್ರಮದ ಹೊತ್ತಿಗೆ ಬೈಕಿನಲ್ಲಿ ಬಂದು ಕುಣಿದು, ಉಪ್ಪಿಟ್ಟಿನ ತನಕ ಮಲಗಿರುತ್ತಿದ್ದ. ಅವನಿಗೆ ಏಳು ‘ಹಾ’.

ಆದರೆ 120 ಎಲ್ಲರಿಗೂ ಸಿಕ್ಕಿತಲ್ಲ?

ಗಂಟೆ ಸಿಕ್ಕಿತು. ಸರ್ಟಿಫಿಕೇಟಿಗೆ ಶಿಬಿರವೂ ಬೇಕು ಸ್ವಾಮಿ.

ಧ್ಯೇಯವಾಕ್ಯ ‘ನನಗಲ್ಲ, ನಿನಗೆ’ ಅಲ್ಲವೇ?

ಅದನ್ನು ಆ ಹುಡುಗಿ ಅಕ್ಷರಶಃ ಪಾಲಿಸಿದ್ದಾಳೆ.

ಕಾರ್ಯಕ್ರಮಾಧಿಕಾರಿ ಇದನ್ನೆಲ್ಲ ನೋಡುವುದಿಲ್ಲವೇ?

ಅವರನ್ನು ಬಯ್ಯಬೇಡಿ. ಪಾಪ, ಪಾಠ ಅವರೇ ಮಾಡಬೇಕು, ಪರೀಕ್ಷೆ ಡ್ಯೂಟಿ ಅವರದೇ, ಬಿಲ್ಲು ಪಾಸಾಗುವವರೆಗೆ ದಿನಸಿ ಅಂಗಡಿಯ ಸಾಲವೂ ಅವರದೇ. ಹುಡುಗಿಯ ‘ಗೈ’ ಬರೆಯುವಾಗ ಪೆನ್ನು ಎರಡು ಸಲ ಎತ್ತಿದ್ದರು. ಶಾಯಿ ಕೂಡಿದ ಗುರುತು ಇಲ್ಲಿದೆ.

ಹಳೆಯ ಪುಸ್ತಕಗಳಲ್ಲೂ ಹೀಗೆಯೇ?

ಬೀರುವಿನ ಕೆಳಗಿನ ಖಾನೆಯಲ್ಲಿ ನಮ್ಮಜ್ಜ ಇದ್ದಾನೆ, ಗೆದ್ದಲು ಅರ್ಧ ಓದಿ ಮುಗಿಸಿದೆ. ಅಂದ ಹಾಗೆ, ನೀವು ಇದೇ ಕಾಲೇಜಿನವರಲ್ಲವೇ? ಅವನ ಪುಟದಲ್ಲಿ ನಿಮ್ಮ ಹೆಸರಿದೆ. ಬೆಳಗಿನ ಐದೂವರೆಯ ಜಾಥಾ, ಏಳು ದಿನ, ಏಳು ಸಹಿ. ಒಂದೇ ಪೆನ್ನು.

ಟೀ ತರಿಸಲೇ?

ಉಂಗುರ ಒಂದು ಸಾಕು. ಬರೆದುಕೊಳ್ಳಿ.