ನಡುರಾತ್ರಿಯ ವೀರರಿಗೊಂದು ಬಿನ್ನವತ್ತಳೆ

ಮಗುವಿನ ಅಸ್ತಮಾವನ್ನು ನಿಭಾಯಿಸಲು ಎರಡು ದಾರಿಗಳಿವೆ. ದಿನಾ ಬೆಳಗ್ಗೆ ಸಂಜೆ ಹಲ್ಲುಜ್ಜುವ ಮುಂಚೆ ಒಂದೋ ಎರಡೋ ಪಫ್ ಔಷಧ ಎಳೆಸಿ, ಬಾಯಿ ಮುಕ್ಕಳಿಸಿ ಕಳಿಸುವುದು ಒಂದು. ರಾತ್ರಿ ಎರಡು ಗಂಟೆಗೆ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು, ಉಟ್ಟ ಲುಂಗಿಯಲ್ಲೇ ಸ್ಕೂಟರ್ ಹತ್ತಿ, ಕೆಂಪು ಸಿಗ್ನಲ್ಲುಗಳನ್ನು ಲೆಕ್ಕಿಸದೆ ಹೋಗಿ ನರ್ಸಿಂಗ್ ಹೋಮಿನ ಬಾಗಿಲು ಬಡಿಯುವುದು ಇನ್ನೊಂದು. ನಮ್ಮ ಸಂಸಾರಗಳು ಬಹುಮತದಿಂದ ಎರಡನೆಯದನ್ನೇ ಆರಿಸಿಕೊಂಡಿವೆ. ಈ ಧೀರ ನಿರ್ಧಾರವನ್ನು ಇಲ್ಲಿಯವರೆಗೆ ಯಾರೂ ಸಾರ್ವಜನಿಕವಾಗಿ ಕೊಂಡಾಡಿಲ್ಲ. ಶಾಲು, ಹಾರ, ಫಲತಾಂಬೂಲದ ಏರ್ಪಾಡಿಲ್ಲವಾದರೂ ಬಿನ್ನವತ್ತಳೆಯನ್ನಾದರೂ ಓದಿಬಿಡೋಣ.

ಮೊದಲನೆಯ ದಾರಿಯ ದೊಡ್ಡ ದೋಷವೆಂದರೆ, ಅದು ಫಲಿಸಿದರೆ ಏನೂ ಆಗುವುದಿಲ್ಲ. ಮಗು ಮಲಗುತ್ತದೆ, ಏಳುತ್ತದೆ, ಸ್ಕೂಲಿಗೆ ಹೋಗುತ್ತದೆ. ಏನೂ ಆಗದೇ ಇರುವುದಕ್ಕೆ ತಿಂಗಳು ತಿಂಗಳು ಮೆಡಿಕಲ್ ಶಾಪಿಗೆ ದುಡ್ಡು ಸುರಿಯಲು ನಮಗೇನು ಹುಚ್ಚೇ? ನರ್ಸಿಂಗ್ ಹೋಮಿನ ನೆಬ್ಯುಲೈಸರ್ ಹಾಗಲ್ಲ. ಅದು ಗರ್‍ರ್ ಎಂದು ಸದ್ದು ಮಾಡುತ್ತದೆ, ಮಾಸ್ಕಿನ ತೂತುಗಳಿಂದ ಬಿಳಿ ಹಬೆ ಬಿಡುತ್ತದೆ. ಪಕ್ಕೆಲುಬುಗಳ ನಡುವೆ ಒಳಕ್ಕೆ ಸೇದಿಹೋಗುತ್ತಿದ್ದ ಚರ್ಮ ನೋಡನೋಡುತ್ತ ಸಮನಾಗುತ್ತದೆ. ಮಾತಾಡಲೂ ಉಸಿರು ಸಾಲದಿದ್ದ ಮಗು ಬಿಸ್ಕತ್ತು ಕೇಳುತ್ತದೆ. ಅಪ್ಪ ಕಣ್ಣೊರೆಸಿಕೊಳ್ಳುತ್ತಾನೆ. ಮರುದಿನ ಆಫೀಸಿನಲ್ಲಿ ಹೇಳಿಕೊಳ್ಳಲು ಒಂದು ಕಥೆಯಾಯಿತು. ಬೆಳಗ್ಗೆ ಪಫ್ ಕೊಟ್ಟೆ ಎಂದು ಯಾರಾದರೂ ಆಫೀಸಿನಲ್ಲಿ ಹೇಳಿಕೊಳ್ಳುತ್ತಾರೆಯೆ?

ವೈದ್ಯರು ಇದಕ್ಕೊಂದು ತಕರಾರು ತೆಗೆಯುತ್ತಾರೆ. ಅಸ್ತಮಾದಲ್ಲಿ ಶ್ವಾಸನಾಳದ ಸ್ನಾಯು ಬಿಗಿಯುವುದಷ್ಟೇ ಅಲ್ಲ, ಒಳಪದರ ಊದಿಕೊಂಡು ಲೋಳೆಯೂ ಕಟ್ಟುತ್ತದಂತೆ. ನೆಬ್ಯುಲೈಸರಿನಲ್ಲಿ ಹಾಕುವ ಸಾಲ್ಬುಟಮಾಲ್ ಸ್ನಾಯುವನ್ನು ನಾಲ್ಕಾರು ಗಂಟೆ ಸಡಿಲಿಸಿ ಸುಮ್ಮನಾಗುತ್ತದೆ, ಊತದ ತಂಟೆಗೆ ಹೋಗುವುದಿಲ್ಲ. ಊತ ಇಳಿಸಬೇಕಾದದ್ದು ಬ್ಯುಡೆಸೊನೈಡ್, ಫ್ಲುಟಿಕಾಸೋನ್ ಮುಂತಾದ ದಿನನಿತ್ಯದ ಔಷಧಗಳು, ಅವುಗಳಿಗೆ ದಿನಗಳು, ವಾರಗಳು ಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಊತ ಇದ್ದಲ್ಲೇ ಇರಲಿ, ಮುಂದಿನ ರಾತ್ರಿಯ ಶೌರ್ಯಕ್ಕೂ ಕೆಲಸ ಉಳಿಯಬೇಕಲ್ಲ.

ಇಷ್ಟಾಗಿಯೂ ಡಾಕ್ಟರ್ ಇನ್ಹೇಲರ್ ಬರೆದುಕೊಟ್ಟರೆ ಮನೆಯಲ್ಲಿ ಸಭೆ ಸೇರುತ್ತದೆ. ಅಜ್ಜಿ, ಸೋದರಮಾವ, ಮೂರನೇ ಮಹಡಿಯ ಆಂಟಿ ಎಲ್ಲರೂ ಹಾಜರು. ಇನ್ಹೇಲರ್ ಅಭ್ಯಾಸವಾಗಿಬಿಡುತ್ತದೆ, ಅದು ಕೊನೇ ಸ್ಟೇಜಿನವರಿಗೆ, ಪವರ್ ಜಾಸ್ತಿ, ಹೆಣ್ಣುಮಗು ಬೇರೆ, ನಾಳೆ ಗಂಡಿನ ಕಡೆಯವರು ನೋಡಿದರೆ? ಹುಡುಗಿಗೆ ಆಗ ನಾಲ್ಕು ವರ್ಷ. ದೂರದೃಷ್ಟಿ ಎಂದರೆ ಇದು. ಸಭೆ ಸಿರಪ್ಪಿಗೆ ಒಪ್ಪಿಗೆ ಕೊಟ್ಟು ಬರಖಾಸ್ತಾಗುತ್ತದೆ. ಐದು ಎಂಎಲ್ ಸಾಲ್ಬುಟಮಾಲ್ ಸಿರಪ್ಪಿನಲ್ಲಿ 2 ಮಿಲಿಗ್ರಾಂ ಔಷಧ ಇರುತ್ತದೆ, ಇನ್ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೊಗ್ರಾಂ. ಅದೇ ಔಷಧ, ಇಪ್ಪತ್ತು ಪಟ್ಟು. ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಕೈ ನಡುಗಿಸಿ, ಎದೆ ಹೊಡೆದುಕೊಳ್ಳುವಂತೆ ಮಾಡಿ, ಕೊನೆಗೆ ಉಳಿದದ್ದು ಶ್ವಾಸನಾಳಕ್ಕೂ ತಲುಪುತ್ತದೆ. ಆದರೆ ಸಿರಪ್ ಸಿಹಿಯಾಗಿದೆ, ಬಾಟಲಿಯ ಮೇಲೆ ಹಣ್ಣಿನ ಚಿತ್ರವಿದ್ದರೆ ಇನ್ನೂ ಮೈಲ್ಡ್.

ಸಭೆಯ ಇನ್ನೊಂದು ತೀರ್ಮಾನ ಸ್ಟೀರಾಯ್ಡ್ ಕುರಿತದ್ದು. ಇನ್ಹೇಲರಿನಲ್ಲಿ ಸ್ಟೀರಾಯ್ಡ್ ಇದೆ, ಮಗು ಕುಳ್ಳಗಾಗುತ್ತದೆ ಎಂಬುದು. ಸುಳ್ಳಲ್ಲ. ಅಮೆರಿಕದಲ್ಲಿ ನಾಲ್ಕಾರು ವರ್ಷ ದಿನಾ ಬ್ಯುಡೆಸೊನೈಡ್ ಎಳೆದ ಮಕ್ಕಳನ್ನು ದೊಡ್ಡವರಾದ ಮೇಲೆ ಅಳೆದು ನೋಡಿ, 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು. ಸರಾಸರಿ 1.2 ಸೆಂಟಿಮೀಟರ್ ಕಡಿಮೆ. ಚಪ್ಪಲಿಯ ಹಿಮ್ಮಡಿಯಷ್ಟು ಎತ್ತರವನ್ನು ಕಾಪಾಡಲು ನಮ್ಮವರು ಮಗುವಿನ ನಿದ್ದೆ, ಆಟ, ಹಾಜರಿ ಎಲ್ಲವನ್ನೂ ಪಣಕ್ಕಿಟ್ಟಿದ್ದಾರೆ. ಉಬ್ಬಸ ಹತೋಟಿಯಲ್ಲಿಲ್ಲದ ಮಗುವಿನ ಬೆಳವಣಿಗೆಯೂ ಕುಂಠಿತವಾಗುತ್ತದೆ ಎಂಬ ವಿಷಯ ಕಾರ್ಯಸೂಚಿಯಲ್ಲಿರಲಿಲ್ಲ. ಪ್ರತಿ ದಾಳಿಯಲ್ಲೂ ಐದು ದಿನ ಕುಡಿಸುವ ಪ್ರೆಡ್ನಿಸಲೋನ್ ಸಿರಪ್ಪು ಕೂಡ ಸ್ಟೀರಾಯ್ಡೇ, ಅದೂ ಮಿಲಿಗ್ರಾಂ ಲೆಕ್ಕದ್ದು. ಆದರೆ ಚಮಚದಲ್ಲಿ ಕೊಟ್ಟದ್ದು ಸ್ಟೀರಾಯ್ಡ್ ಹೇಗಾದೀತು?

ಸಭೆಯ ವಿರೋಧವನ್ನು ದಾಟಿ ಇನ್ಹೇಲರ್ ಮನೆಯೊಳಗೆ ಬಂದೇ ಬಂತು ಎಂದಿಟ್ಟುಕೊಳ್ಳೋಣ. ಆಗ ನಮ್ಮವರ ಕೈಚಳಕ ನೋಡಬೇಕು. ಮಗುವನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ 'ಆ ಅನ್ನು' ಎನ್ನುತ್ತಾರೆ. ಮಗು ಆ ಅನ್ನುತ್ತದೆ, ಅಂದರೆ ಉಸಿರು ಬಿಡುತ್ತಿರುತ್ತದೆ. ಅದೇ ಘಳಿಗೆಗೆ ಡಬ್ಬಿಯನ್ನು ಒತ್ತುತ್ತಾರೆ. ಪುಸ್ ಎಂದು ಬಂದ ಔಷಧದಲ್ಲಿ ಒಂದು ಪಾಲು ನಾಲಿಗೆಗೆ, ಒಂದು ಪಾಲು ಗಂಟಲ ಗೋಡೆಗೆ, ಮಿಕ್ಕದ್ದು ಮೂಗಿನ ಮುಂದೆ ತೆಳ್ಳಗೆ ಹೊಗೆಯಾಡಿ ಕ್ಯಾಲೆಂಡರಿನ ಲಕ್ಷ್ಮಿಗೆ. ಶ್ವಾಸಕೋಶಕ್ಕೆ ಮುಟ್ಟಿದ್ದು ನಿಶ್ಶಬ್ದವಷ್ಟೆ. ಡಬ್ಬಿಯೊಂದಿಗೆ ಕೊಂಡು ತಂದ ಸ್ಪೇಸರ್ ಎಂಬ ಕೊಳವೆ ಷೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕದಲ್ಲಿ, ಪ್ಲಾಸ್ಟಿಕ್ ಕವರು ಬಿಚ್ಚದೆ, ಸುರಕ್ಷಿತವಾಗಿದೆ. ಔಷಧವನ್ನು ಅದರೊಳಗೆ ಒತ್ತಿ, ಚಿಕ್ಕ ಮಗುವಾದರೆ ಮಾಸ್ಕ್ ಮುಚ್ಚಿ, ಐದಾರು ಸಲ ಸಾವಕಾಶ ಉಸಿರಾಡಿಸಿದರೆ ಸಾಕು ಎನ್ನುತ್ತಾರೆ. ದಕ್ಷಿಣ ಆಫ್ರಿಕಾದ ಹೆದರ್ ಝಾರ್ ಎಂಬ ಮಕ್ಕಳ ವೈದ್ಯೆ, ಅಷ್ಟೂ ದುಡ್ಡಿಲ್ಲದವರಿಗೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ತೂತು ಕೊರೆದು ಇನ್ಹೇಲರ್ ಕೂರಿಸಿದರೂ ಅಷ್ಟೇ ಕೆಲಸ ಆಗುತ್ತದೆಂದು 1999ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಖಾಲಿ ಬಾಟಲಿಗೆ ಬಾಯಿ ಹಚ್ಚುವುದು ನಮ್ಮ ಅಂತಸ್ತಿಗೆ ಸರಿಹೋಗುವ ಮಾತಲ್ಲ. ಇನ್ನೂರು ಪಫ್ ಮುಗಿದ ಮೇಲೂ ಡಬ್ಬಿ ಪುಸ್ ಎನ್ನುತ್ತಲೇ ಇರುತ್ತದೆ, ಒಳಗಿನ ಗಾಳಿ ಅಷ್ಟು ಬೇಗ ತೀರುವುದಿಲ್ಲ. ಸದ್ದು ಬರುವವರೆಗೆ ಔಷಧ ಇದೆ ಎಂದು ನಂಬಿ ತಿಂಗಳುಗಟ್ಟಲೆ ಶ್ರದ್ಧೆಯಿಂದ ಒತ್ತುವ ಮನೆಗಳಿವೆ. ಇಂಥ ಭಕ್ತಿಯ ಮುಂದೆ ಔಷಧವೇನು ಮಹಾ.

ಪಥ್ಯದಲ್ಲಂತೂ ನಮ್ಮನ್ನು ಮೀರಿಸುವವರಿಲ್ಲ. ಬಾಳೆಹಣ್ಣು ಶೀತ, ಮೊಸರು ಕಫ, ಸೀಬೆಹಣ್ಣು ಕೆಮ್ಮು, ಕಿತ್ತಳೆ ಕೇಳಲೇಬೇಡಿ. ಅಸ್ತಮಾ ಇರುವ ಬಹುಪಾಲು ಮಕ್ಕಳಿಗೆ ಇವುಗಳಿಂದ ಏನೂ ಆಗುವುದಿಲ್ಲ, ಆದ್ದರಿಂದಲೇ ಇವನ್ನು ಬಿಡಿಸುವುದು ಸುಲಭ. ಹಣ್ಣಿಲ್ಲದ ಆ ಮಗುವನ್ನು ಎಣ್ಣೆಸ್ನಾನದ ಮೇಲೆ ಸಾಂಬ್ರಾಣಿ ಹೊಗೆಗೆ ತಲೆಯೊಡ್ಡಿ ಕೂರಿಸುತ್ತಾರೆ. ಸಂಜೆ ಅಗರಬತ್ತಿ. ರಾತ್ರಿ ಕಿಟಕಿ ಭದ್ರವಾಗಿ ಹಾಕಿ, ಮಂಚದ ಕೆಳಗೆ ಸೊಳ್ಳೆಬತ್ತಿ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಹೊರಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರಲ್ಲಿ ಲೆಕ್ಕ ಹಾಕಿದವರಿದ್ದಾರೆ. ಅಪ್ಪ ಮಾತ್ರ ಮಗುವಿನ ಮೇಲಿನ ಮಮತೆಯಿಂದ ಬಾಲ್ಕನಿಗೆ ಹೋಗಿಯೇ ಸಿಗರೇಟು ಸೇದುತ್ತಾನೆ, ಹೊಗೆಯನ್ನು ಶರ್ಟಿನಲ್ಲಿ ತುಂಬಿಕೊಂಡು ಒಳಬಂದು ಮುದ್ದು ಮಾಡುತ್ತಾನೆ. ಹಾಸಿಗೆ, ದಿಂಬು, ಟೆಡ್ಡಿ ಬೇರ್‌ಗಳಲ್ಲಿ ಕಣ್ಣಿಗೆ ಕಾಣದ ಧೂಳುನುಸಿಗಳು ತಲೆಮಾರುಗಳಿಂದ ಬಾಳಿ ಬದುಕುತ್ತಿವೆ. ದಿಂಬಿನ ಕವರನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಅವನ್ನು ಒಕ್ಕಲೆಬ್ಬಿಸುವಷ್ಟು ನಿರ್ದಯಿಗಳು ನಾವಲ್ಲ.

ಊರು ಕೂಡ ಕೈಲಾದ ಸಹಾಯ ಮಾಡಿದೆ. ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಬೆಂಗಳೂರಿನಲ್ಲಿ ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳನ್ನು ಪರಿಶೀಲಿಸಿ ಕೊಟ್ಟ ಲೆಕ್ಕದಲ್ಲಿ ಅಸ್ತಮಾ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಮುಟ್ಟಿತ್ತು. ಆಗಿನ್ನೂ ಮೆಟ್ರೊ ಕಾಮಗಾರಿ ಶುರುವಾಗಿರಲಿಲ್ಲ, ವೈಟ್ ಟಾಪಿಂಗ್ ಎಂಬ ಹೆಸರನ್ನು ಯಾರೂ ಕೇಳಿರಲಿಲ್ಲ. ಅಗೆದ ರಸ್ತೆ ಇಲ್ಲದೆಯೇ ಮೂರು ಪಟ್ಟು ಸಾಧಿಸಿದ ನಗರ ಅದು. ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಯಾವ ಪಕ್ಷ ಬಂದರೂ ಹೂಬಿಟ್ಟು ಪರಾಗ ಹಂಚುತ್ತದೆ.

ಮೃಗಶಿರಾ ಮಳೆ ಬಂತೆಂದರೆ ಕಲಬುರಗಿ, ಬೀದರ್ ಕಡೆಯ ಮಂದಿ ಅಸ್ತಮಾಕ್ಕೆ ಮೀನಿನ ಮದ್ದು ನುಂಗಲು ಹೈದರಾಬಾದಿನ ರೈಲು ಹತ್ತುತ್ತಾರೆ. ನಾಂಪಲ್ಲಿ ಎಕ್ಸಿಬಿಷನ್ ಮೈದಾನದಲ್ಲಿ, ಬಾಯಲ್ಲಿ ಹಳದಿ ಮುದ್ದೆ ತುರುಕಿದ ಜೀವಂತ ಕೊರಮೀನಿನ ಮರಿಯನ್ನು ಗಂಟಲಿಗಿಳಿಸುತ್ತಾರೆ. ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ. ಮುದ್ದೆಯೊಳಗೆ ಏನಿದೆ ಎಂಬುದು ಗುಟ್ಟು. ಇನ್ಹೇಲರಿನ ಡಬ್ಬಿಯ ಮೇಲೆ ಏನಿದೆ ಎಂದು ಅಚ್ಚು ಹಾಕಿರುತ್ತಾರೆ, ಅದಕ್ಕೇ ಅದರ ಮೇಲೆ ಸಂಶಯ.

ಶಾಲೆಯ ಪಾತ್ರ ಚಿಕ್ಕದು, ಅಚ್ಚುಕಟ್ಟಾದದ್ದು. ಇನ್ಹೇಲರನ್ನು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ, ಬೀಗದ ಕೈ ಮಧ್ಯಾಹ್ನ ಊಟಕ್ಕೆ ಹೋಗಿರುತ್ತದೆ. ಆಟಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಎರಡು ಪಫ್ ಎಳೆದು ಓಡಬಹುದಾದ ಹುಡುಗನನ್ನು ಬೆಂಚಿನ ಮೇಲೆ ಕೂರಿಸಿ, ಎಲ್ಲರ ನೀರಿನ ಬಾಟಲಿ ಕಾಯುವ ಜವಾಬ್ದಾರಿ ಕೊಡುತ್ತಾರೆ.

ಒಟ್ಟು ಸಾಧನೆಯ ದಾಖಲೆಯೂ ಇದೆ. ಮೈಸೂರು ಸೇರಿದಂತೆ ದೇಶದ ಒಂಬತ್ತು ಕೇಂದ್ರಗಳಲ್ಲಿ ಮಾಡಿದ ಗ್ಲೋಬಲ್ ಅಸ್ತಮಾ ನೆಟ್‌ವರ್ಕ್ ಸಮೀಕ್ಷೆ 2022ರಲ್ಲಿ ಹೊರಬಂತು. ಉಬ್ಬಸದ ಲಕ್ಷಣವಿದ್ದವರಲ್ಲಿ ಶೇ. 82 ಮಂದಿಗೆ ಅಸ್ತಮಾ ಎಂದು ಯಾವ ವೈದ್ಯರೂ ಹೇಳಿರಲಿಲ್ಲ. ದಿನನಿತ್ಯದ ಸ್ಟೀರಾಯ್ಡ್ ಇನ್ಹೇಲರ್ ಬಳಸುತ್ತಿದ್ದವರು ಶೇ. 2.5ಕ್ಕಿಂತ ಕಡಿಮೆ. ಅವರು ಯಾರೆಂದು ಪತ್ತೆ ಹಚ್ಚಿ, ಸಂಬಂಧಪಟ್ಟ ಅಜ್ಜಿಯರನ್ನು ವಿಚಾರಿಸಬೇಕಾಗಿದೆ.

ಕೊನೆಯದಾಗಿ ವೀರ ಪೋಷಕರಲ್ಲಿ ಒಂದು ಅರಿಕೆ. ಮಗುವಿಗೆ ಆರು ವರ್ಷ ದಾಟಿದ್ದರೆ ಡಾಕ್ಟರ್ ನಾಲ್ಕು ಪ್ರಶ್ನೆ ಕೇಳುತ್ತಾರೆ. ಕಳೆದ ನಾಲ್ಕು ವಾರಗಳಲ್ಲಿ ಹಗಲು ಕೆಮ್ಮು, ಉಬ್ಬಸ ವಾರಕ್ಕೆರಡು ಸಲಕ್ಕಿಂತ ಹೆಚ್ಚು ಬಂತೆ, ರಾತ್ರಿ ಅದರಿಂದ ಎಚ್ಚರವಾಯಿತೆ, ತಕ್ಷಣ ಆರಾಮ ಕೊಡುವ ಇನ್ಹೇಲರ್ ವಾರಕ್ಕೆರಡು ಸಲಕ್ಕಿಂತ ಹೆಚ್ಚು ಬೇಕಾಯಿತೆ, ಆಟ ಅರ್ಧಕ್ಕೆ ನಿಂತಿತೆ ಎಂದು. ಒಂದಕ್ಕೆ ಹೌದೆಂದರೂ ಅಸ್ತಮಾ ಪೂರ್ತಿ ಹತೋಟಿಯಲ್ಲಿಲ್ಲ ಎಂದು ಬರೆದುಕೊಳ್ಳುತ್ತಾರೆ. ಹಾಗಾಗಿ ಉತ್ತರಗಳನ್ನು ನೀವೇ ಹೇಳಿ, ಮಗುವನ್ನು ಹೊರಗೆ ಕೂರಿಸಿ. ಅದು ನಿಜ ಹೇಳಿಬಿಡುವ ಸಂಭವವಿದೆ.