ಬ್ರೇಕಿನಲ್ಲಿ ಬರುವ ಸುದ್ದಿ

ನಮ್ಮ ಮನೆಯ ಟಿವಿಯಲ್ಲಿ ದಿನಾ ರಾತ್ರಿ ಒಂಬತ್ತಕ್ಕೆ ದೇಶ ಉದ್ಧಾರವಾಗುತ್ತದೆ. ಒಂಬತ್ತೂಕಾಲಿಗೆ ಬ್ರೇಕು. ಬ್ರೇಕಿನಲ್ಲಿ ಒಬ್ಬ ನಟ ಬಂದು, ಬಳೆ ತನ್ನಿ, ಸರ ತನ್ನಿ, ನಿಂತ ಕಾಲಲ್ಲೇ ಸಾಲ ಕೊಡ್ತೀವಿ ಅನ್ನುತ್ತಾನೆ. ಬ್ರೇಕು ಮುಗಿದ ಮೇಲೆ ಉದ್ಧಾರ ಮುಂದುವರಿಯುತ್ತದೆ.

ಇವೆರಡರಲ್ಲಿ ಸುದ್ದಿ ಯಾವುದು, ಜಾಹೀರಾತು ಯಾವುದು? ದುಡ್ಡು ತಗೊಂಡು ಹೇಳಿದ್ದು ಜಾಹೀರಾತು ಅಂತ ನಾನು ಕಲಿತಿದ್ದೆ. ಆ ಲೆಕ್ಕ ಈಗ ಉಪಯೋಗಕ್ಕೆ ಬರುವುದಿಲ್ಲ.

2025ರ ಮೇ ತಿಂಗಳಲ್ಲಿ ನಾವು ಜಪಾನನ್ನು ಸೋಲಿಸಿದೆವು. ನೀತಿ ಆಯೋಗದ ಸಿಇಒ ಬಿ.ವಿ.ಆರ್. ಸುಬ್ರಹ್ಮಣ್ಯಂ, ನಾವೀಗ ಜಗತ್ತಿನ ನಾಲ್ಕನೇ ದೊಡ್ಡ ಅರ್ಥವ್ಯವಸ್ಥೆ ಅಂದರು. ಸ್ಟುಡಿಯೋಗಳಲ್ಲಿ ಯುಗಾದಿ, ದೀಪಾವಳಿ ಒಟ್ಟಿಗೇ ಬಂದವು. ಅವರು ನೆಚ್ಚಿಕೊಂಡ ಅಂತರರಾಷ್ಟ್ರೀಯ ಹಣಕಾಸು ನಿಧಿ ಕೊಟ್ಟಿದ್ದು ಆ ವರ್ಷದ ಮುನ್ನಂದಾಜು ಅಷ್ಟೇ. ನೀತಿ ಆಯೋಗದವರೇ ಇನ್ನೊಬ್ಬರು ಎರಡು ದಿನ ಬಿಟ್ಟು, ಇನ್ನೂ ಆಗುವ ಹಾದಿಯಲ್ಲಿದ್ದೇವೆ, ವರ್ಷದ ಕೊನೆಗೆ ಆಗಬಹುದು ಅಂತ ತಿದ್ದಿದರು. ತಿದ್ದುಪಡಿಗೆ ವಾಲಗ ಊದಿಸುವ ಪದ್ಧತಿ ನಮ್ಮಲ್ಲಿಲ್ಲ.

ಜಪಾನಿನಲ್ಲಿರುವುದು ಹನ್ನೆರಡು ಕೋಟಿ ಚಿಲ್ಲರೆ ಜನ. ನಾವು ನೂರ ನಲವತ್ತು ಕೋಟಿ ಮೇಲೆ. ಅವರ ತಲಾ ಆದಾಯ ವರ್ಷಕ್ಕೆ ಮೂವತ್ತು ಸಾವಿರ ಡಾಲರಿಗೂ ಹೆಚ್ಚು. ನಮ್ಮದು ಮೂರು ಸಾವಿರದ ಒಳಗೆ. ಹನ್ನೊಂದು ಜನ ಸೇರಿ ಒಬ್ಬನನ್ನು ಹಗ್ಗಜಗ್ಗಾಟದಲ್ಲಿ ಎಳೆದು ಹಾಕಿದ್ದಕ್ಕೆ ಮೀಸೆ ತಿರುವಿದ ಹಾಗಾಯಿತು. ತಿರುವಲಿ. ಆದರೆ ಇದೇ ದೇಶದಲ್ಲಿ 80 ಕೋಟಿ ಜನಕ್ಕೆ ತಿಂಗಳಿಗೆ ಐದು ಕೆಜಿ ಉಚಿತ ಧಾನ್ಯ ಕೊಡಬೇಕಾಗಿದೆ. ಆ ಸುದ್ದಿಯನ್ನೂ ಅದೇ ಆ್ಯಂಕರ್ ಅದೇ ಸಂಭ್ರಮದಲ್ಲಿ ಓದುತ್ತಾನೆ. ಎರಡು ವಾಕ್ಯ ಒಂದನ್ನೊಂದು ನೋಡದ ಹಾಗೆ ಮಧ್ಯೆ ಒಂದು ಬ್ರೇಕು ಇಡುತ್ತಾರೆ.

ಇದಕ್ಕೂ ಮೊದಲು ಒಂದು ಭಾನುವಾರ ನಾಲ್ಕು ಟ್ರಿಲಿಯನ್ ಡಾಲರ್ ಬಂದಿತ್ತು. 2023ರ ನವೆಂಬರ್ 19. ಎಲ್ಲಿಂದಲೋ ಬಂದ ಒಂದು ಸ್ಕ್ರೀನ್‌ಶಾಟನ್ನು ಕೇಂದ್ರ ಸಚಿವರೇ ಹಂಚಿಕೊಂಡರು. ಸುದ್ದಿಯವರು ಅದನ್ನು ಸುದ್ದಿ ಮಾಡಿದರು. ಹಣಕಾಸು ಸಚಿವಾಲಯ ಹೌದು ಅನ್ನಲೇ ಇಲ್ಲ. ಅದು ಕ್ರಿಕೆಟ್ ವಿಶ್ವಕಪ್ ಫೈನಲಿನ ದಿನ. ಕಪ್ಪೂ ಬರಲಿಲ್ಲ, ಟ್ರಿಲಿಯನ್ನೂ ಬರಲಿಲ್ಲ.

ಆದರೆ ನನ್ನ ನಂಬಿಕೆ ಅವತ್ತು ಹೋದದ್ದಲ್ಲ. ಅದು ಹೋದದ್ದು ಅದಕ್ಕೂ ಏಳು ವರ್ಷ ಹಿಂದೆ.

2016ರ ನವೆಂಬರ್ 8. ಚಲಾವಣೆಯಲ್ಲಿದ್ದ ಹಣದಲ್ಲಿ ಶೇ 86ರಷ್ಟು ರಾತ್ರೋರಾತ್ರಿ ಕಾಗದವಾಯಿತು. ನಾವು ಬ್ಯಾಂಕಿನ ಮುಂದೆ ಸಾಲು ನಿಂತೆವು. ಟಿವಿಯವರು ಸ್ಟುಡಿಯೋದಲ್ಲಿ ಎರಡು ಸಾವಿರದ ನೋಟು ಹಿಡಿದು ನಿಂತರು. ಅದರೊಳಗೆ ನ್ಯಾನೋ ಚಿಪ್ ಇದೆಯಂತೆ. ಭೂಮಿಯೊಳಗೆ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದಂತೆ. ಇದು ಯಾವುದೋ ವಾಟ್ಸ್‌ಆ್ಯಪ್ ಮಾವನ ಮಾತಲ್ಲ. ದೊಡ್ಡ ದೊಡ್ಡ ರಾಷ್ಟ್ರೀಯ ಚಾನೆಲ್ಲುಗಳು ಗ್ರಾಫಿಕ್ಸ್ ಸಮೇತ ತೋರಿಸಿದ್ದು. 120 ಮೀಟರ್ ಅಂದರೆ ಹತ್ತಿರ ಹತ್ತಿರ ನಾನೂರು ಅಡಿ. ಕೋಲಾರದ ರೈತನನ್ನು ಕೇಳಿ, ಆ ಆಳಕ್ಕೆ ಬೋರ್‌ವೆಲ್ ಕೊರೆಸಿದರೆ ಬರೀ ಧೂಳು. ನೀರೇ ಸಿಗದ ಕಡೆ ಇವರಿಗೆ ನೋಟು ಸಿಗುತ್ತಿತ್ತು.

ರಿಸರ್ವ್ ಬ್ಯಾಂಕು ಅಂಥದ್ದೇನೂ ಇಲ್ಲ ಅಂದಿತು. ಅದೇ ಬ್ಯಾಂಕಿನ 2018ರ ವಾರ್ಷಿಕ ವರದಿ, ರದ್ದಾದ ನೋಟುಗಳಲ್ಲಿ ಶೇ 99.3ರಷ್ಟು ವಾಪಸ್ ಬಂದಿವೆ ಅಂದಿತು. 2023ರ ಮೇ 19ರಂದು ಎರಡು ಸಾವಿರದ ನೋಟನ್ನೇ ಹಿಂತೆಗೆದುಕೊಂಡರು. ಚಿಪ್ ತೋರಿಸಿದ್ದ ಚಾನೆಲ್ಲುಗಳು ಅಂದು ಅದನ್ನೂ ಮಾಸ್ಟರ್‌ಸ್ಟ್ರೋಕ್ ಅಂದವು. ಬಂದಿದ್ದೂ ಮಾಸ್ಟರ್‌ಸ್ಟ್ರೋಕು, ಹೋಗಿದ್ದೂ ಮಾಸ್ಟರ್‌ಸ್ಟ್ರೋಕು. ನೋಟಿನಲ್ಲಿ ಚಿಪ್ ಇರಲಿಲ್ಲ. ಚಿಪ್ಪು ಜನರ ಕೈಗೆ ಬಂತು.

ಕ್ಷಮೆ? ಅದು ಪತ್ರಿಕೆಗಳ ಕಾಲದ ಪದ್ಧತಿ. ಒಳಪುಟದ ಮೂಲೆಯಲ್ಲಿ, ಭೂತಗನ್ನಡಿ ಹಿಡಿದರೆ ಕಾಣುವಷ್ಟಾದರೂ ಹಾಕುತ್ತಿದ್ದರು.

ಇನ್ನು ಆರ್ಥಿಕ ಹಿಂಜರಿತ. ಟಿವಿಯಲ್ಲಿ ಎಂದೂ ಬಾರದ ಅತಿಥಿ ಅಂದರೆ ಇದೇ.

2019ರಲ್ಲಿ ವಾಹನ ಮಾರಾಟ ನೆಲಕಚ್ಚಿತು. ಬಿಸ್ಕತ್ತು ಕಂಪನಿಯವರು, ಐದು ರೂಪಾಯಿ ಪ್ಯಾಕೆಟ್ಟೂ ಹೋಗುತ್ತಿಲ್ಲ, ಸಾವಿರಾರು ಜನರ ಕೆಲಸ ಹೋಗಬಹುದು ಅಂದರು. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ಈಗಿನ ಹುಡುಗರು ಕಾರು ಕೊಳ್ಳದೆ ಓಲಾ, ಉಬರ್ ಹತ್ತುತ್ತಾರೆ ಅಂತ ಒಂದು ಕಾರಣ ಕೊಟ್ಟರು. ಲಾರಿ ಮಾರಾಟವೂ ಬಿದ್ದಿತ್ತಲ್ಲ, ಹುಡುಗರು ಜಲ್ಲಿಯನ್ನೂ ಓಲಾದಲ್ಲೇ ಸಾಗಿಸುತ್ತಿದ್ದರೋ ಏನೋ. ಇನ್ನೊಬ್ಬ ಸಚಿವ ರವಿಶಂಕರ್ ಪ್ರಸಾದ್, ಒಂದೇ ದಿನ ಮೂರು ಸಿನಿಮಾ 120 ಕೋಟಿ ಬಾಚಿವೆ, ಮಂದಗತಿ ಎಲ್ಲಿದೆ ಅಂದರು. ಮಾರನೇ ದಿನ ಮಾತು ವಾಪಸ್ ಪಡೆದರು. ಆ ಮಟ್ಟಿಗೆ ಅವರು ಆ್ಯಂಕರುಗಳಿಗಿಂತ ಮೇಲು.

ಆ ವರ್ಷ ನವೆಂಬರ್ 27ರಂದು ನಿರ್ಮಲಾ ಅವರು ರಾಜ್ಯಸಭೆಯಲ್ಲಿ ಹೇಳಿದರು: ಬೆಳವಣಿಗೆ ಇಳಿದಿರಬಹುದು, ಆದರೆ ಇದು ಹಿಂಜರಿತವಲ್ಲ, ಎಂದೂ ಆಗುವುದಿಲ್ಲ. ಸರಿಯಾಗಿ ಒಂದು ವರ್ಷ. 2020ರ ನವೆಂಬರ್ 27ರಂದು ಸರ್ಕಾರದ್ದೇ ಅಂಕಿಅಂಶ ಹೊರಬಿತ್ತು. ಸತತ ಎರಡನೇ ತ್ರೈಮಾಸಿಕವೂ ಜಿಡಿಪಿ ಕುಸಿದಿತ್ತು. ದೇಶ ಹಿಂಜರಿತಕ್ಕೆ ಬಿದ್ದಿತ್ತು. ಕೊರೋನಾ ಬರುತ್ತದೆ ಅಂತ ಯಾರೂ ಕನಸು ಕಂಡಿರಲಿಲ್ಲ, ಒಪ್ಪೋಣ. ಆದರೆ ಟಿವಿಯಲ್ಲಿ ಅದು ‘ತಾಂತ್ರಿಕ ಹಿಂಜರಿತ’ವಾಯಿತು. ಆ ‘ತಾಂತ್ರಿಕ’ವನ್ನು ಎಷ್ಟು ಒತ್ತಿ ಹೇಳಿದರೆಂದರೆ, ಏನೋ ವೈರಿಂಗ್ ದೋಷ, ಲೈನ್‌ಮ್ಯಾನ್ ಬಂದರೆ ಸರಿಹೋಗುತ್ತೆ ಅನ್ನಿಸಬೇಕು. ಕೆಲಸ ಕಳಕೊಂಡವನ ಮನೆಯಲ್ಲಿ ಅಂದು ತಾಂತ್ರಿಕವಾಗಿ ಹಸಿವಿತ್ತು.

ಅದಕ್ಕೂ ಮೊದಲಿನದು ಇನ್ನೂ ಚೆಂದ. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗೆ ಜಿಡಿಪಿ ಶೇ 23.9 ಕುಸಿದಿದೆ ಅಂತ ಆಗಸ್ಟ್ 31ರಂದು ಗೊತ್ತಾಯಿತು. ತ್ರೈಮಾಸಿಕ ಲೆಕ್ಕ ಶುರುವಾದ ಮೇಲೆ ಅಂಥ ಕುಸಿತ ಇರಲಿಲ್ಲ. ಆ ವಾರ ಹಿಂದಿ ಚಾನೆಲ್ಲುಗಳು ಮುಂಬೈಯಲ್ಲಿ ಒಬ್ಬ ನಟಿಯ ಕಾರಿನ ಹಿಂದೆ ಓಡುತ್ತಿದ್ದವು. ನಮ್ಮವು ಬೆಂಗಳೂರಿನಲ್ಲಿ ಬೇರೆ ನಟಿಯರ ಗೇಟಿನ ಮುಂದೆ. ದೇಶದ ಗಳಿಕೆಯಲ್ಲಿ ಕಾಲುಭಾಗ ಕಾಣೆಯಾಗಿತ್ತು. ಹುಡುಕುತ್ತಿದ್ದದ್ದು ಗಾಂಜಾ.

ಆ ದಿನಗಳಲ್ಲಿ ನನಗೆ ಪರಿಚಯದ ವರದಿಗಾರ ಹುಡುಗನೊಬ್ಬ ಹೋಟೆಲ್ಲಿನ ಪಾರ್ಸಲ್ ಕಿಟಕಿಯ ಹತ್ತಿರ ಸಿಕ್ಕ.

“ಸಂಬಳ ಬಂತೇನೋ?”

“ಅರ್ಧ ಬಂತಣ್ಣ. ಇನ್ನರ್ಧದ ಮಾತೇ ಇಲ್ಲ.”

“ಬೆಳಗ್ಗೆ ನಿಮ್ಮ ಚಾನೆಲ್‌ನಲ್ಲಿ ಆರ್ಥಿಕತೆ ಪುಟಿದೆದ್ದಿದೆ ಅಂದ್ರಲ್ಲ?”

“ಅದನ್ನ ಬರ್ಕೊಟ್ಟಿದ್ದು ನಾನೇ ಅಣ್ಣ.”

ಅವನ ಪಾರ್ಸಲ್ಲಿನ ದುಡ್ಡು ನಾನೇ ಕೊಟ್ಟೆ. ಪುಟಿದೆದ್ದ ಆರ್ಥಿಕತೆಗೆ ನನ್ನ ಕೊಡುಗೆ.

ಪದಗಳ ವಿಷಯದಲ್ಲಿ ಮಾತ್ರ ಟಿವಿಯವರು ಪಂಡಿತರು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿತು. ಬೊಕ್ಕಸಕ್ಕೆ ಖೋತಾ ವರ್ಷಕ್ಕೆ 1.45 ಲಕ್ಷ ಕೋಟಿ ಅಂತ ಸರ್ಕಾರವೇ ಹೇಳಿತು. ಅದರ ಹೆಸರು ‘ಉತ್ತೇಜನ’. ಕರ್ನಾಟಕ ಸರ್ಕಾರ ಹೆಂಗಸರಿಗೆ ಎರಡು ಸಾವಿರ, ಬಸ್ಸು, ಕರೆಂಟು, ಅಕ್ಕಿ ಅಂತ ವರ್ಷಕ್ಕೆ ಸುಮಾರು 52 ಸಾವಿರ ಕೋಟಿ ಇಟ್ಟಿತು. ಅದರ ಹೆಸರು ‘ಬಿಟ್ಟಿ ಭಾಗ್ಯ’. ಕಂಪನಿಗೆ ಕೊಟ್ಟರೆ ದೇಶ ಎದ್ದು ನಿಲ್ಲುತ್ತದೆ. ನಂಜಮ್ಮನಿಗೆ ಕೊಟ್ಟರೆ ರಾಜ್ಯ ಮಲಗುತ್ತದೆ.

ರಾಜ್ಯ ಸರ್ಕಾರದವರು ಇದನ್ನು ಓದಿ ಖುಷಿಪಡುವುದು ಬೇಡ. ಈ ಗ್ಯಾರಂಟಿ ಯೋಜನೆಗಳ ಜಾಹೀರಾತನ್ನು, ಅವನ್ನು ಬೈಯುವ ಚಾನೆಲ್ಲಿಗೇ ಕೊಟ್ಟು, ಆಮೇಲೆ ಮಾಧ್ಯಮ ಸರಿಯಿಲ್ಲ ಅಂತ ಗೋಳಾಡುವವರು ಅವರು. 2025ರ ಏಪ್ರಿಲ್ 1ರಂದು ನಂದಿನಿ ಹಾಲಿಗೆ ಲೀಟರಿಗೆ ನಾಲ್ಕು ರೂಪಾಯಿ ಏರಿತು. ಅದೇ ದಿನ ರಾಜ್ಯದಲ್ಲಿ ಡೀಸೆಲ್ಲೂ ಏರಿತು. ಒಂದು ವಾರ ಕಳೆಯುವುದರೊಳಗೆ ಕೇಂದ್ರ ಗ್ಯಾಸ್ ಸಿಲಿಂಡರಿಗೆ ಐವತ್ತು ಏರಿಸಿತು. ಹಾಲು ಇವರದು, ಅದನ್ನು ಕಾಯಿಸುವ ಬೆಂಕಿ ಅವರದು. ಒಂದು ಚಾನೆಲ್ಲಿಗೆ ಹಾಲು ಮಾತ್ರ ಕಂಡಿತು, ಇನ್ನೊಂದಕ್ಕೆ ಬೆಂಕಿ ಮಾತ್ರ. ಕಾಫಿ ಕುಡಿಯುವವನಿಗೆ ಎರಡೂ ಬೇಕು ಅನ್ನುವುದು ಯಾವ ಪ್ಯಾನೆಲ್ಲಿಗೂ ಹೊಳೆಯಲಿಲ್ಲ.

ಇಳಿಸಿದಾಗಿನ ಸಡಗರ ನೋಡಬೇಕು. ದೆಹಲಿಯಲ್ಲಿ 2020ರ ನವೆಂಬರಿನಲ್ಲಿ 594 ರೂಪಾಯಿ ಇದ್ದ ಸಿಲಿಂಡರು 2023ರ ಮಾರ್ಚಿಗೆ 1,103 ಆಯಿತು. ಐನೂರು ಏರಿಸಿದ್ದು ಕಂತಿನಲ್ಲಿ, ಸದ್ದಿಲ್ಲದೆ. ಆ ಆಗಸ್ಟಿನಲ್ಲಿ ಇನ್ನೂರು ಇಳಿಸಿದ್ದು ಮಾತ್ರ ಅಣ್ಣ ತಂಗಿಯರಿಗೆ ಕೊಟ್ಟ ರಕ್ಷಾಬಂಧನದ ಉಡುಗೊರೆ. ಜೇಬಿನಿಂದ ಐನೂರು ಎಗರಿಸಿ, ಇನ್ನೂರನ್ನು ಆರತಿ ತಟ್ಟೆಗೆ ಹಾಕುವ ಅಣ್ಣ ಯಾರ ಮನೆಯಲ್ಲಿದ್ದಾನೆ?

ಷೇರು ಪಂಡಿತರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಿವಿಯಲ್ಲಿ ಕೂತು ಇಂಥ ಷೇರು ಕೊಳ್ಳಿ ಅನ್ನುವುದು, ಅನ್ನುವ ಮೊದಲೇ ತಮ್ಮ ಕಡೆಯವರಿಂದ ಅದನ್ನು ಕೊಳ್ಳಿಸಿಡುವುದು, ನಾವು ಕೊಂಡು ಬೆಲೆ ಏರಿದ ಮೇಲೆ ನಮಗೇ ಮಾರುವುದು. 2024ರ ಫೆಬ್ರವರಿಯಲ್ಲಿ ಸೆಬಿ ಒಂದು ಚಾನೆಲ್ಲಿನ ಅತಿಥಿ ತಜ್ಞರ ಮೇಲೆ ಇದೇ ಆರೋಪ ಹೊರಿಸಿ ಮಧ್ಯಂತರ ಆದೇಶ ಹೊರಡಿಸಿತು. ಏಳು ಕೋಟಿಗೂ ಹೆಚ್ಚು ಹಣ ತಡೆಹಿಡಿಯಿತು. ಆ ವರ್ಷ ಜೂನ್ 3ರಂದು ಮತಗಟ್ಟೆ ಸಮೀಕ್ಷೆ ನಂಬಿ ಸೆನ್ಸೆಕ್ಸ್ ಎರಡೂವರೆ ಸಾವಿರ ಅಂಶ ಹಾರಿತು. ಮಾರನೇ ದಿನ ನಿಜವಾದ ಮತ ಎಣಿಸಿದಾಗ 4,390 ಅಂಶ ಬಿತ್ತು. ತಪ್ಪಾಗಿ ಎಣಿಸಿದವರು ಸಂಜೆಯ ಹೊತ್ತಿಗೆ ಟೈ ಸರಿಮಾಡಿಕೊಂಡು, ಮಾರುಕಟ್ಟೆ ಯಾಕೆ ಬಿತ್ತು ಅಂತ ನಮಗೇ ಪಾಠ ಮಾಡಲು ಕೂತರು.

ಹಾಗಾದರೆ ನಿಜವಾದ ಆರ್ಥಿಕತೆ ಟಿವಿಯಲ್ಲಿ ಬರುವುದೇ ಇಲ್ಲವೆ? ಬರುತ್ತದೆ. ಕ್ರೈಂ ಬುಲೆಟಿನ್ನಿನಲ್ಲಿ.

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟರು. ಮೈಕ್ರೋ ಫೈನಾನ್ಸಿನವರ ಕಾಟ. ಬಾಗಿಲಿನ ಮೇಲೆ ಬಣ್ಣದಲ್ಲಿ ಬರೆದರು, ಅವಮಾನ ಮಾಡಿದರು, ಕೆಲವರು ಜೀವ ಕಳಕೊಂಡರು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಟಿವಿಯವರು ಹೋದರು, ತೋರಿಸಿದರು, ಇಲ್ಲವೆನ್ನುವುದಿಲ್ಲ. ಬೀಗದ ಮೇಲೆ ಕ್ಯಾಮೆರಾ, ಹಿನ್ನೆಲೆಯಲ್ಲಿ ಕೊಲೆ ಸುದ್ದಿಯ ಸಂಗೀತ, ಪರದೆ ತುಂಬಾ ‘ರಕ್ತ ಹೀರುವ ರಾಕ್ಷಸರು’. ಒಬ್ಬ ಹೆಂಗಸು ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಅಂತ ಯಾಕೆ ಮಾಡಿದಳು, ಅವಳ ಕೂಲಿ ಎಷ್ಟು, ಅಕ್ಕಿ ಬೇಳೆಗೆ ಎಷ್ಟು ಹೋಯಿತು, ಕೇಳಲಿಲ್ಲ. ಅದು ಬಿಸಿನೆಸ್ ಡೆಸ್ಕಿನ ವಿಷಯವಂತೆ. ಬಿಸಿನೆಸ್ ಡೆಸ್ಕಿನವರು ಜಪಾನನ್ನು ಹಿಂದಿಕ್ಕುತ್ತಿದ್ದರು.

ಈ ಹೆಂಗಸಿನ ಲೆಕ್ಕ ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ ಬೇರೆ ಹೆಸರಿನಲ್ಲಿದೆ. 2022–23ರಲ್ಲಿ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಶೇ 5ರ ಆಸುಪಾಸಿಗೆ ಇಳಿಯಿತು, ಸುಮಾರು ಐದು ದಶಕದಲ್ಲೇ ಕಡಿಮೆ. ಸಂಕಟವೇನಿಲ್ಲ, ಜನ ಮನೆ, ಕಾರು ಕೊಳ್ಳುತ್ತಿದ್ದಾರೆ ಅಂತ ಹಣಕಾಸು ಸಚಿವಾಲಯ ವಿವರಿಸಿತು. 2019ರಲ್ಲಿ ಓಲಾ ಹತ್ತಿ ಹೋದವರು ವಾಪಸ್ ಬಂದು ಕಾರು ಕೊಂಡರು ಅಂತ ಕಾಣುತ್ತದೆ. 2025ರ ಮಾರ್ಚ್ ಅಂತ್ಯಕ್ಕೆ ಬ್ಯಾಂಕುಗಳ ಚಿನ್ನದ ಮೇಲಿನ ಸಾಲ ಒಂದೇ ವರ್ಷದಲ್ಲಿ ದುಪ್ಪಟ್ಟಾಗಿ ಎರಡು ಲಕ್ಷ ಕೋಟಿ ದಾಟಿತು. ಚಿನ್ನದ ಬೆಲೆಯೂ ಏರಿದೆ, ಲೆಕ್ಕ ಬರೆಯುವ ರೀತಿಯೂ ಬದಲಾಗಿದೆ, ಎಲ್ಲ ಸರಿ. ಆದರೂ ತಾಳಿ ಸರ ಅಡವಿಡಲು ಹೋಗುವವಳು ಜಿಡಿಪಿ ಏರಿದ ಖುಷಿಗೆ ಹೋಗುವುದಿಲ್ಲ.

ಇದನ್ನು ನನಗೆ ಮೊದಲು ಹೇಳಿದ್ದು ಯಾವ ಅರ್ಥಶಾಸ್ತ್ರಜ್ಞನೂ ಅಲ್ಲ. ಬ್ರೇಕಿನಲ್ಲಿ ಬರುವ ಆ ನಟ. ಅವನ ಜಾಹೀರಾತು ಮೊದಲು ದಿನಕ್ಕೊಮ್ಮೆ ಬರುತ್ತಿತ್ತು, ಈಗ ಗಂಟೆಗೆ ನಾಲ್ಕು ಸಲ ಬರುತ್ತಿದೆ. ಅವನ ಕಂಪನಿ ಸುಮ್ಮನೆ ದುಡ್ಡು ಸುರಿಯುವುದಿಲ್ಲ. ಯಾವ ಊರಿನಲ್ಲಿ ಎಷ್ಟು ಬಳೆ ಕೈಯಿಂದ ಇಳಿಯುತ್ತಿವೆ ಅನ್ನುವುದು ಅವರಿಗೆ ಗೊತ್ತು.

ಅಮ್ಮನಿಗೂ ಗೊತ್ತು. ಸುದ್ದಿ ಶುರುವಾದರೆ ಅವಳು ಟಿವಿಯ ಸದ್ದು ನಿಲ್ಲಿಸಿ ಸೊಪ್ಪು ಬಿಡಿಸುತ್ತಾ ಕೂರುತ್ತಾಳೆ. ಆ್ಯಂಕರ್ ಮೂಕನಾಗಿ ಕೈ ಬೀಸುತ್ತಿರುತ್ತಾನೆ. ಮೊನ್ನೆ ಬ್ರೇಕಿನಲ್ಲಿ ನಟ ಬಂದ. ಅಮ್ಮ ಸೊಪ್ಪು ಬಿಟ್ಟು ರಿಮೋಟು ಎತ್ತಿದಳು.

“ಸ್ವಲ್ಪ ಸುಮ್ನಿರ್ರೋ,” ಅಂದಳು, “ಗ್ರಾಮಿಗೆ ಎಷ್ಟು ಕೊಡ್ತಾನೆ ಕೇಳೋಣ.”