‘ಟ್ರೈ ಮಾಡ್ತೀನಿ’ ಅಂದ್ರೆ ಬರಲ್ಲ ಅಂತ ತಾನೆ?

ನಿಜ ಹೇಳಿ, ಈ ವಾರ ಎಷ್ಟು ಜನಕ್ಕೆ ‘ಟ್ರೈ ಮಾಡ್ತೀನಿ’ ಅಂದ್ರಿ? ಗೃಹಪ್ರವೇಶಕ್ಕೆ ಕರೆದ ಸೋದರತ್ತೆಗೆ, ಬೆಳಗಿನ ವಾಕಿಂಗ್‌ಗೆ ಎಳೆದ ಪಕ್ಕದ್ಮನೆ ಅಂಕಲ್‌ಗೆ, ಕೈಸಾಲ ಕೇಳಿದ ಭಾವಮೈದುನನಿಗೆ. ಎಲ್ಲರಿಗೂ ಅದೇ ಮಾತು. ಹೋಗಲೂ ಇಲ್ಲ, ಕೊಡಲೂ ಇಲ್ಲ. (ಗಾಬರಿ ಬೇಡ, ಅತ್ತೆಗೆ ನಾನು ಹೇಳಲ್ಲ.)

ಇಂಗ್ಲಿಷಲ್ಲಿ ಈ ಟ್ರೈ ಭಾರಿ ನಾಜೂಕಿನ ಪದ ಕಣ್ರೀ. ‘ಟ್ರೈ ಟು ಓಪನ್ ದ ವಿಂಡೋ’ ಅಂದ್ರೆ ಕಿಟಕಿ ಬಿಗಿಯಾಗಿದೆ, ತೆಗೆಯೋಕಾಗುತ್ತಾ ನೋಡು ಅಂತ. ‘ಟ್ರೈ ಓಪನಿಂಗ್ ದ ವಿಂಡೋ’ ಅಂದ್ರೆ ಕಿಟಕಿ ಸಲೀಸಾಗಿ ತೆಗೆಯುತ್ತೆ, ಸೆಕೆ ಕಮ್ಮಿಯಾಗುತ್ತಾ ನೋಡು ಅಂತ. ಮೇಷ್ಟ್ರು ಇದನ್ನ ಹೇಳುವಾಗ ನೀವು ಆಕಳಿಸ್ತಿದ್ರಿ. (ಊಟ ಆದ್ಮೇಲಿನ ಪೀರಿಯಡ್ಡು, ಪಾಪ.)

ಆದ್ರೆ ಇದೇ ಪಾಠ ನಿಮ್ಮಜ್ಜಿ ಅಡುಗೆಮನೇಲಿ ಮಾಡ್ತಿರಲಿಲ್ವಾ? ಹಾಗಲಕಾಯಿ ಗೊಜ್ಜು ಕಂಡು ಮುಖ ಸಿಂಡರಿಸಿದ್ರೆ ‘ಒಂದ್ಸಲ ತಿಂದು ನೋಡು’. ಜ್ವರ ಬಂದು ಗಂಜಿನೂ ಸೇರದೆ ಮಲಗಿದ್ರೆ ‘ಒಂಚೂರು ತಿನ್ನೋಕೆ ನೋಡು ಮಗಾ’. ಮೊದಲನೇದು ಓಪನಿಂಗ್, ಎರಡನೇದು ಟು ಓಪನ್. ಅಜ್ಜಿಗೆ ಒಂದು ‘ನೋಡು’ ಸಾಕಿತ್ತು; ನಿಮಗೆ ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ಫೀಸು ಕಟ್ಟಬೇಕಾಯ್ತು.

ಹಳೇ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಟ್ರೈ ಅಂದ್ರೆ ಆರಿಸೋದು, ಬೇರ್ಪಡಿಸೋದು. ಆಮೇಲೆ ಕೋರ್ಟು ಸೇರಿ ವಿಚಾರಣೆ ಆಯ್ತು. ಬಟ್ಟೆ ಅಂಗಡೀಲಿ ಪಕ್ಕಕ್ಕೊಂದು ‘ಆನ್’ ಸೇರಿಸಿಕೊಂಡು ತೊಟ್ಟು ನೋಡೋದಾಯ್ತು. (ಟ್ರಯಲ್ ರೂಮಲ್ಲಿ 34ರ ಪ್ಯಾಂಟೊಳಗೆ ಉಸಿರು ಬಿಗಿಹಿಡಿದು ನಿಂತಿದ್ರಲ್ಲ, ಅದು ‘ಟ್ರೈ ಆನ್’ ಅಲ್ಲ ಸ್ವಾಮೀ, ಶುದ್ಧ ‘ಟ್ರೈ ಟು’.)

ರಗ್ಬೀಲಿ ಇನ್ನೂ ಮಜಾ. ಎದುರಾಳಿ ಗೋಲಿನ ಗೆರೆ ದಾಟಿ ಚೆಂಡನ್ನ ನೆಲಕ್ಕೆ ಒತ್ತಿದ್ರೆ ಅದಕ್ಕೆ ಟ್ರೈ ಅಂತಲೇ ಹೆಸರು. ಶುರುವಲ್ಲಿ ಅದಕ್ಕೆ ಪಾಯಿಂಟೇ ಇರಲಿಲ್ಲ. ಗೋಲಿಗೆ ಒದೆಯೋ ಚಾನ್ಸು ಸಿಗ್ತಿತ್ತು, ಅಷ್ಟೆ. ರಗ್ಬಿ ಯೂನಿಯನ್‌ನಲ್ಲಿ 1992ರಿಂದ ಅದಕ್ಕೆ 5 ಪಾಯಿಂಟು. ನಿಮ್ಮ ಟ್ರೈ ಮಾತ್ರ ಇನ್ನೂ ಹಳೇ ರೂಲಲ್ಲೇ ಇದೆ.

ಹಾಗಂತ ನಿಮಗೆ ಅರ್ಥ ಆಗಲ್ಲ ಅಂತಲ್ಲ. ಯಾರದೋ ಮಗ ‘ಗೌರ್ಮೆಂಟ್ ಜಾಬಿಗೆ ಟ್ರೈ ಮಾಡ್ತಿದಾನೆ’ ಅಂದ್ರೆ ಮನೇಲೇ ಕೂತಿದಾನೆ ಅಂತ ತಕ್ಷಣ ಹೊಳೆಯುತ್ತೆ. ‘ನಿಮ್ ನಂಬರ್ ಟ್ರೈ ಮಾಡ್ದೆ, ಸಿಗ್ಲೇ ಇಲ್ಲ’ ಅಂದ್ರೆ ಮೆಲ್ಲಗೆ ಮಿಸ್ಡ್ ಕಾಲ್ ಲಿಸ್ಟ್ ತೆಗೀತೀರಿ. ಪ್ಲಂಬರ್ ‘ನಾಳೆ ಬರೋಕೆ ಟ್ರೈ ಮಾಡ್ತೀನಿ ಸಾರ್’ ಅಂದ ಮರುಕ್ಷಣವೇ ಸೋರೋ ನಲ್ಲಿ ಕೆಳಗೆ ಇನ್ನೊಂದು ದೊಡ್ಡ ಬಕೆಟ್ ತಂದಿಟ್ಟವರು ಯಾರು?